ಐವತ್ಮೂರು ಗಂಟೆಯಲ್ಲಿ ಮೂವತ್ತೇಳು: ಠಾಣೆಯಲ್ಲಿ ಅಕ್ರಮವಾಗಿ ಇರಿಸಿಕೊಂಡದ್ದರ ವಿರುದ್ಧ ಒಂದು ದೂರು

ಈ ಪ್ರಕರಣದಲ್ಲಿ ಬರುವ ಯಾರ ಹೆಸರನ್ನೂ, ಊರನ್ನೂ, ಠಾಣೆಯನ್ನೂ ಇಲ್ಲಿ ಬರೆದಿಲ್ಲ. ಗುರುತು ಸಿಗಬಹುದಾದ ತಾರೀಖುಗಳ ಬದಲು ವಾರದ ಹೆಸರನ್ನಷ್ಟೇ ಉಳಿಸಿಕೊಂಡಿದ್ದೇನೆ. ಕೋಲಾರ ಜಿಲ್ಲೆಯ ಒಂದು ತಾಲ್ಲೂಕು, ಒಬ್ಬ ತಾಯಿ, ಅವರ ಇಪ್ಪತ್ತೆರಡು ವರ್ಷದ ಮಗ, ಒಂದು ಪೊಲೀಸ್ ಠಾಣೆ ಎಂದು ತಿಳಿದರೆ ಓದುಗರಿಗೆ ಸಾಕು. ನಾನು ಕಾನೂನು ಸೇವೆಯ ಅರೆಕಾನೂನು ಸ್ವಯಂಸೇವಕನಾಗಿ ಮೊದಲ ವಾರದಿಂದ ಕಡೆಯವರೆಗೂ ಈ ಕಡತದ ಜೊತೆ ಓಡಾಡಿದವನು, ವಕೀಲನಲ್ಲ. ಆದ್ದರಿಂದ ನಾವು ಎಲ್ಲಿ ಸರಿಯಾಗಿ ನಡೆದೆವು ಎಂಬುದನ್ನು ಬರೆಯುವಷ್ಟೇ ವಿವರವಾಗಿ ಎಲ್ಲಿ ಎಡವಿದೆವು ಎಂಬುದನ್ನೂ ಬರೆಯುವುದು ನನ್ನ ಪಾಲಿನ ಕೆಲಸ.

ಹಿನ್ನೆಲೆ

2023ರ ಜುಲೈ ತಿಂಗಳನ್ನು ಕೋಲಾರದ ಟೊಮೆಟೊ ಬೆಳೆಗಾರರಾಗಲಿ ಮಂಡಿಯವರಾಗಲಿ ಬೇಗ ಮರೆಯಲಾರರು. 15 ಕೆ.ಜಿ. ಹಿಡಿಯುವ ಒಂದು ಬಾಕ್ಸು ಹರಾಜಿನಲ್ಲಿ ಎರಡು ಸಾವಿರ ರೂಪಾಯಿ ದಾಟಿತ್ತು. ತೋಟಗಳಿಗೆ ರಾತ್ರಿ ಕಾವಲು ಬಿದ್ದಿತ್ತು. ಬೆಲೆ ಬಿದ್ದಾಗ ರಸ್ತೆ ಬದಿಗೆ ಸುರಿದು ಹೋಗುವ ಹಣ್ಣನ್ನೇ ಈಗ ಯಾರೋ ಕದ್ದರೆಂಬ ದೂರುಗಳು ಠಾಣೆಗಳಿಗೆ ಬರತೊಡಗಿದ್ದವು.

ನಮ್ಮ ಪ್ರಕರಣದ ಹುಡುಗ ಒಂದು ಮಂಡಿಯಲ್ಲಿ ಹಮಾಲಿ. ನಡುರಾತ್ರಿಯ ನಂತರ ಬರುವ ಗಾಡಿಗಳಿಂದ ಬಾಕ್ಸು ಇಳಿಸಿ, ಹರಾಜಿಗೆ ಸಾಲು ಜೋಡಿಸಿ, ಮಾರಾಟವಾದದ್ದನ್ನು ಲಾರಿಗೆ ಏರಿಸುವುದು ಅವನ ಕೆಲಸ. ಇಳಿಸಿದ ಬಾಕ್ಸಿನ ಲೆಕ್ಕದಲ್ಲಿ ಕೂಲಿ. ಒಂದು ಸೋಮವಾರ ಆ ಮಂಡಿಯ ಲೆಕ್ಕದಲ್ಲಿ 40 ಬಾಕ್ಸು ಕಡಿಮೆ ಬಂತು. ಅಂದಿನ ದರದಲ್ಲಿ ಎಂಬತ್ತು ಸಾವಿರ ರೂಪಾಯಿಯ ಮಾಲು. ಮಂಡಿ ಮಾಲೀಕರು ಠಾಣೆಗೆ ಹೋಗಿ ಮೂವರು ಹಮಾಲಿಗಳ ಮೇಲೆ ಅನುಮಾನವಿದೆ ಎಂದು ಬಾಯಿಮಾತಿನಲ್ಲಿ ಹೇಳಿ ಬಂದರು. ಎಫ್‌ಐಆರ್ ದಾಖಲಾಗಲಿಲ್ಲ. ಹೇಳಿದ ದೂರಿಗೆ ಒಂದು ನಂಬರು ಕೂಡ ಬೀಳಲಿಲ್ಲ ಎಂಬುದು ನಮಗೆ ಬಹಳ ಕಾಲದ ಮೇಲೆ ಗೊತ್ತಾಯಿತು.

ಮಂಗಳವಾರ ಬೆಳಿಗ್ಗೆ ಐದೂವರೆಗೆ ಮಫ್ತಿಯಲ್ಲಿದ್ದ ಇಬ್ಬರು ಮಂಡಿಗೆ ಬಂದು, ಸ್ವಲ್ಪ ಮಾತಾಡುವುದಿದೆ ಎಂದು ಹೇಳಿ ಹುಡುಗನನ್ನು ಬೈಕಿನ ನಡುವೆ ಕೂರಿಸಿಕೊಂಡು ಹೋದರು. ಹತ್ತು ಗಂಟೆಗೆ ತಾಯಿ ಠಾಣೆಯ ಮುಂದೆ ಬಂದು ಕುಳಿತರು. ಸಂಜೆಯವರೆಗೆ ಯಾರೂ ಒಳಗೆ ಬಿಡಲಿಲ್ಲ. ಕತ್ತಲಾದ ಮೇಲೆ, "ಬೆಳಿಗ್ಗೆ ಕಳಿಸ್ತೀವಿ, ಮನೆಗೆ ಹೋಗಮ್ಮ" ಎಂದರು. ಮನೆಗೆ ಹೋದ ತಾಯಿಯ ಅಳು ಕೇಳಿ ಪಕ್ಕದ ಮನೆಯ ಕಾಲೇಜು ಹುಡುಗ ರಾತ್ರಿ 9.40ಕ್ಕೆ ತನ್ನ ಮೊಬೈಲಿನಿಂದ 112ಕ್ಕೆ ಕರೆ ಮಾಡಿದ. ಸ್ವಲ್ಪ ಹೊತ್ತಿಗೆ ಗಸ್ತು ವಾಹನದ ಸಿಬ್ಬಂದಿಯೇ ತಿರುಗಿ ಫೋನ್ ಮಾಡಿ, ಠಾಣೆಯಲ್ಲೇ ಇದ್ದಾನೆ, ವಿಚಾರಣೆ ನಡೀತಿದೆ, ಗಾಬರಿಯಾಗಬೇಡಿ ಎಂದು ಹೇಳಿ ಕರೆ ಮುಗಿಸಿದರು. ಬುಧವಾರ ಇಡೀ ದಿನ ಹಾಗೆಯೇ ಕಳೆಯಿತು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡು ಅವನನ್ನು ಬಿಟ್ಟರು. ಒಟ್ಟು ಐವತ್ಮೂರೂವರೆ ಗಂಟೆ.

ಕಾಣೆಯಾದ 40 ಬಾಕ್ಸುಗಳು ಸಿಕ್ಕಿದ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅವು ಸೋಮವಾರವೇ ಬೇರೊಬ್ಬ ವ್ಯಾಪಾರಿಯ ಲಾರಿಗೆ ಹೋಗಿದ್ದವು. ಮುಂದಿನ ವಾರ ಪಟ್ಟಿ ತಾಳೆ ನೋಡುವಾಗ ಮಂಡಿಯ ಗುಮಾಸ್ತರಿಗೇ ಸಿಕ್ಕಿತು.

ಸಮಸ್ಯೆ

ಯಾವುದೇ ವ್ಯಕ್ತಿಯನ್ನು ಬಂಧಿಸಿದರೆ ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 57ನೇ ಕಲಂ ಹೇಳುತ್ತಿದ್ದುದೂ ಅದನ್ನೇ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 58ನೇ ಕಲಂ ಹೇಳುವುದೂ ಅದನ್ನೇ. ಬಂಧಿಸುವಾಗ ಸಾಕ್ಷಿಯ ಸಹಿ ಇರುವ ಜ್ಞಾಪನ (ಅರೆಸ್ಟ್ ಮೆಮೊ) ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯಕೀಯ ತಪಾಸಣೆ ಮಾಡಿಸಬೇಕು ಎಂದು ಸುಪ್ರೀಂ ಕೋರ್ಟು ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ವಿಧಿಸಿದೆ. ಹೇಳಹೊರಟರೆ ನಿಯಮಗಳಿಗೇನೂ ಕೊರತೆಯಿಲ್ಲ.

ತೊಡಕು ಇದ್ದದ್ದು ಬೇರೆ ಕಡೆ. ಠಾಣೆಯ ಪ್ರಕಾರ ಬಂಧನವೇ ಆಗಿರಲಿಲ್ಲ. ಬಂಧನವೇ ಇಲ್ಲವೆಂದ ಮೇಲೆ ಜ್ಞಾಪನವಿಲ್ಲ, ದಾಖಲೆಯಿಲ್ಲ, 24 ಗಂಟೆಯ ಲೆಕ್ಕವೂ ಇಲ್ಲ. ಗುರುವಾರ ಬರೆಸಿಕೊಂಡ ಮುಚ್ಚಳಿಕೆಯೊಂದೇ ಆ ಹುಡುಗ ಠಾಣೆಯ ಮೆಟ್ಟಿಲು ಹತ್ತಿದ್ದಕ್ಕೆ ಇದ್ದ ಕಾಗದ, ಮತ್ತು ಅದರಲ್ಲಿ "ಈ ದಿನ ಬೆಳಿಗ್ಗೆ 9 ಗಂಟೆಗೆ ಠಾಣೆಗೆ ಹಾಜರಾಗಿ" ಎಂದು ಬರೆಸಲಾಗಿತ್ತು. ನಾವು ಸಾಬೀತು ಮಾಡಬೇಕಿದ್ದದ್ದು ಕ್ರೌರ್ಯವನ್ನಲ್ಲ, ಮೊದಲಿಗೆ ಇರವನ್ನು: ಮಂಗಳವಾರ ಮತ್ತು ಬುಧವಾರದ ರಾತ್ರಿಗಳಲ್ಲಿ ಅವನು ಎಲ್ಲಿದ್ದ? ಈ ಪ್ರಶ್ನೆಯನ್ನು ಇಷ್ಟು ಸರಳವಾಗಿ ಕೇಳಿಕೊಳ್ಳಲು ನಮಗೇ ಎರಡು ವಾರ ಬೇಕಾಯಿತು.

ಮೊದಲ ತಪ್ಪು

ಗುರುವಾರ ಸಂಜೆ ತಾಯಿ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಹುಡುಗ ಅಂಗಾಲು ನೆಲಕ್ಕೆ ಪೂರ್ತಿ ಊರದೆ, ಪಾದದ ಹೊರ ಅಂಚಿನ ಮೇಲೆ ನಡೆಯುತ್ತಿದ್ದ. ಚಪ್ಪಲಿ ಕೈಯಲ್ಲಿತ್ತು. ನಾನು ನೋಡಿದೆ, ಮತ್ತು ಈ ಹೊತ್ತಿನಲ್ಲಿ ಎಲ್ಲಿಗೆ ಹೋಗುತ್ತೀರಿ, ಊಟ ಮಾಡಿ ಮಲಗಿ, ನಾಳೆ ಆಸ್ಪತ್ರೆಗೆ ಹೋಗಿ ಬನ್ನಿ ಎಂದು ಹೇಳಿ ಕಳುಹಿಸಿದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದು.

ಮಾರನೆಯ ದಿನ ಅವರಿಬ್ಬರೇ ಆಸ್ಪತ್ರೆಗೆ ಹೋದರು. ಏನಾಯಿತೆಂದು ವೈದ್ಯರು ಕೇಳಿದಾಗ ಹುಡುಗ, ಮಂಡಿಯಲ್ಲಿ ಬಾಕ್ಸು ಹೊತ್ತು ಇಳಿಯುವಾಗ ಜಾರಿ ಬಿದ್ದೆ ಎಂದ. ಹಾಗೇಕೆ ಹೇಳಿದೆ ಎಂದು ನಾನು ಆಮೇಲೆ ಗದರಿದ್ದು ಸಹ ಸರಿಯಲ್ಲ. ಹಲ್ಲೆಯಾಗಿದೆ ಎಂದರೆ ಮೆಡಿಕೋ ಲೀಗಲ್ ಪ್ರಕರಣವಾಗುತ್ತದೆ, ಆಸ್ಪತ್ರೆಯಿಂದ ಮಾಹಿತಿ ಹೋಗುವುದು ಅದೇ ಠಾಣೆಗೆ ಎಂದು ಸಾಲಿನಲ್ಲಿ ನಿಂತಿದ್ದ ಯಾರೋ ಅವನಿಗೆ ಹೇಳಿದ್ದರು. ಹೊಡೆದವರಿಗೇ ತಾನು ಹೊಡೆತ ತಿಂದ ಸುದ್ದಿ ಹೋಗುತ್ತದೆ ಎಂದರೆ ಯಾರು ಬಾಯಿ ಬಿಡುತ್ತಾರೆ? ಹೊರರೋಗಿ ಚೀಟಿಯಲ್ಲಿ "ಬಿದ್ದ ಪೆಟ್ಟು, ಮೈಕೈ ನೋವು" ಎಂದು ದಾಖಲಾಯಿತು. ನೋವಿನ ಮಾತ್ರೆ ಕೊಟ್ಟರು.

ಗುರುವಾರ ರಾತ್ರಿಯೇ ಒಬ್ಬರು ಜೊತೆಗೆ ಹೋಗಿ, ತಾಲ್ಲೂಕು ಆಸ್ಪತ್ರೆಯ ಬದಲು ಕೋಲಾರದ ಜಿಲ್ಲಾ ಆಸ್ಪತ್ರೆಗೇ ಕರೆದೊಯ್ದು, ಗಾಯದ ಬಣ್ಣ, ಅಳತೆ, ಅದು ಎಷ್ಟು ಹಳೆಯದಿರಬಹುದು ಎಂಬುದನ್ನು ಬರೆಸಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತು. ಅಂಗಾಲಿನ ಬಾವು ಮೂರೇ ದಿನಕ್ಕೆ ಇಳಿಯಿತು. ಮೊಬೈಲಿನಲ್ಲಿ ತೆಗೆದ ಎರಡು ಫೋಟೊಗಳಿದ್ದವು, ಆದರೆ ಅವುಗಳಲ್ಲಿ ಮುಖ ಕಾಣುತ್ತಿರಲಿಲ್ಲ. ಯಾರ ಕಾಲು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರಲಿಲ್ಲ.

ಯಾವ ಬಾಗಿಲು

ಮುಂದಿನ ಸೋಮವಾರ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಒಂದು ಮನವಿ ಕೊಟ್ಟು, ಸೀಲು ಹಾಕಿಸಿದ ಸ್ವೀಕೃತಿ ಪ್ರತಿ ತೆಗೆದುಕೊಂಡೆವು. ಅದರಿಂದ ತಕ್ಷಣ ಏನಾದರೂ ಆಗುತ್ತದೆಂಬ ಭರವಸೆ ನಮಗಿರಲಿಲ್ಲ. ಘಟನೆ ನಡೆದ ನಾಲ್ಕನೇ ದಿನವೇ ದೂರು ಹೇಳಿದ್ದರು ಎಂಬುದಕ್ಕೆ ಒಂದು ಕಾಗದ ಇರಲಿ ಎಂಬುದಷ್ಟೇ ಉದ್ದೇಶ.

ನಿಜವಾದ ಚರ್ಚೆ ಶುರುವಾದದ್ದು ಆಮೇಲೆ. ಊರಿನ ಹೋರಾಟದ ಗೆಳೆಯರು ನ್ಯಾಯಾಲಯದಲ್ಲಿ ಖಾಸಗಿ ದೂರು ಹಾಕೋಣ, ಪಿಎಸ್‌ಐ ಜೈಲಿಗೆ ಹೋಗಲಿ ಎಂದರು. ಕಾನೂನು ನೆರವಿನ ವಕೀಲರು ಇದರ ಎದುರು ಎರಡು ಸಂಗತಿ ಇಟ್ಟರು. ಒಂದು, ಕರ್ತವ್ಯದ ಹೆಸರಿನಲ್ಲಿ ನಡೆದ ಕೃತ್ಯಕ್ಕೆ ಪೊಲೀಸರ ಮೇಲೆ ಮೊಕದ್ದಮೆ ನಡೆಸಬೇಕಾದರೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನಡಿ ಸರ್ಕಾರದ ಪೂರ್ವಾನುಮತಿಯ ಪ್ರಶ್ನೆ ಎದ್ದೇ ಏಳುತ್ತದೆ, ಮತ್ತು 2020ರಲ್ಲಿ ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ರಕ್ಷಣೆಯನ್ನು ಕರ್ತವ್ಯದ ಮಿತಿ ಮೀರಿ ನಡೆದದ್ದಕ್ಕೂ, ಅದಕ್ಕೆ ಕರ್ತವ್ಯದ ಜೊತೆ ಸಂಬಂಧವಿದ್ದರೆ, ಅನ್ವಯಿಸಿದೆ. ಎರಡು, ವಿಷಯ ನ್ಯಾಯಾಲಯದ ಮುಂದಿದೆ ಎಂದಾದರೆ ಮಾನವ ಹಕ್ಕುಗಳ ಆಯೋಗಗಳು ಸಾಮಾನ್ಯವಾಗಿ ಅದಕ್ಕೆ ಕೈ ಹಾಕುವುದಿಲ್ಲ. ಗಾಯದ ದಾಖಲೆಯೇ ಇಲ್ಲದೆ ನ್ಯಾಯಾಲಯಕ್ಕೆ ಹೋದರೆ ಅಲ್ಲೂ ಸೋಲು, ಇಲ್ಲೂ ಬಾಗಿಲು ಮುಚ್ಚಿದಂತೆ.

ಹಾಗಾಗಿ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1993ರಡಿ ರಾಜ್ಯ ಆಯೋಗಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಅಲ್ಲಿ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಕನ್ನಡದಲ್ಲೇ ಬರೆಯಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಕಾಯ್ದೆಯ 13ನೇ ಕಲಂ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರ ಕೊಟ್ಟಿದೆ. ಮಿತಿಯೂ ಸ್ಪಷ್ಟವಾಗಿಯೇ ಇದೆ: ಆಯೋಗ ಶಿಕ್ಷೆ ವಿಧಿಸುವುದಿಲ್ಲ, 18ನೇ ಕಲಮಿನಡಿ ಪರಿಹಾರಕ್ಕೆ, ಕ್ರಮಕ್ಕೆ ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ. ಪಿಎಸ್‌ಐ ಜೈಲಿಗೆ ಹೋಗುವುದಿಲ್ಲ ಎಂಬುದನ್ನು ನಾವು ತಾಯಿಗೆ ಮೊದಲೇ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಜೈಲು ಬೇಡ ಸಾರ್. ನನ್ನ ಮಗ ಕದ್ದಿಲ್ಲ ಅಂತ ಬರೆದುಕೊಡಲಿ, ಅಷ್ಟು ಸಾಕು" ಎಂದರು. ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ.

ಗಡುವಿನ ವಿಷಯವನ್ನು ಒತ್ತಿ ಹೇಳಬೇಕು. ಕಾಯ್ದೆಯ 36ನೇ ಕಲಂ ಪ್ರಕಾರ ಘಟನೆ ನಡೆದ ಒಂದು ವರ್ಷದ ಮೇಲೆ ಆಯೋಗ ಅದನ್ನು ವಿಚಾರಿಸುವಂತಿಲ್ಲ. ಅಕ್ರಮ ಬಂಧನದ ನೋವು ಇಂದಿಗೂ ಮುಂದುವರಿದಿದೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಬಿಡುಗಡೆಯಾದ ಕ್ಷಣಕ್ಕೆ ಉಲ್ಲಂಘನೆ ಮುಗಿಯಿತು, ಅಲ್ಲಿಂದ ವರ್ಷ ಎಣಿಸಬೇಕು ಎಂದು 2003ರ ಎನ್.ಸಿ. ಧೌಂಡಿಯಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇಲಾಖೆಯವರೇ ವಿಚಾರಣೆ ನಡೆಸುತ್ತಿದ್ದಾರೆ, ಮುಗಿಯಲಿ ನೋಡೋಣ ಎಂದು ಕಾಯುತ್ತಾ ವರ್ಷ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಒಂಬತ್ತು ಪುಟ ಎರಡಾದದ್ದು

ಮೊದಲ ಕರಡನ್ನು ಊರಿನ ಗೆಳೆಯರೊಬ್ಬರು ಬರೆದಿದ್ದರು. ಒಂಬತ್ತು ಪುಟ. ಅದರಲ್ಲಿ ಠಾಣೆಯ ಹಳೆಯ ಪ್ರಕರಣಗಳಿದ್ದವು, ಶಾಸಕರ ಹೆಸರಿತ್ತು, ಮಂಡಿ ಮಾಲೀಕರ ಜಾತಿಯಿತ್ತು, ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷವಾದರೂ ಎಂಬ ಪ್ರಸ್ತಾವನೆಯಿತ್ತು. ಹುಡುಗನನ್ನು ಎಷ್ಟು ಗಂಟೆಗೆ ಕರೆದೊಯ್ದರು ಎಂಬುದು ಆರನೇ ಪುಟದಲ್ಲಿ ಒಂದು ಕಡೆ ಬರುತ್ತಿತ್ತು. ಕೋಪ ಸುಳ್ಳಾಗಿರಲಿಲ್ಲ, ಆದರೆ ಓದುವ ಅಧಿಕಾರಿಗೆ ಅದರಲ್ಲಿ ಹಿಡಿಯಲು ಏನೂ ಇರಲಿಲ್ಲ.

ನಾವು ಕುಳಿತು ಒಂದು ಖಾಲಿ ಹಾಳೆಯ ಎಡಕ್ಕೆ ವೇಳೆ, ನಡುವೆ ನಡೆದದ್ದು, ಬಲಕ್ಕೆ ಅದಕ್ಕಿರುವ ಆಧಾರ ಎಂದು ಮೂರು ಗೆರೆ ಹಾಕಿಕೊಂಡೆವು. ಮಂಗಳವಾರ ಬೆಳಗಿನ ಎದುರಿಗೆ ಮಂಡಿಯ ಕೂಲಿ ಚೀಟಿ: ಆ ರಾತ್ರಿ ಇಳಿಸಿದ 210 ಬಾಕ್ಸಿನ ಲೆಕ್ಕ ಅದರಲ್ಲಿತ್ತು, ಆಮೇಲಿನ ಎರಡು ದಿನಕ್ಕೆ ಚೀಟಿಯೇ ಇರಲಿಲ್ಲ. ರಾತ್ರಿ 9.40ರ ಎದುರಿಗೆ 112ರ ಕರೆ. ಬುಧವಾರದ ಎದುರಿಗೆ ಏನೂ ಇರಲಿಲ್ಲ, ಖಾಲಿಯಾಗಿಯೇ ಬಿಟ್ಟೆವು. ಕಡೆಗೆ ಕಳುಹಿಸಿದ ದೂರು ಎರಡು ಪುಟದ್ದು. ಮೊದಲ ಆರೋಪ ಅಕ್ರಮವಾಗಿ ಇರಿಸಿಕೊಂಡದ್ದು, ಎರಡನೆಯದು ಹಲ್ಲೆ. ಆಸ್ಪತ್ರೆಯಲ್ಲಿ ಬಿದ್ದೆ ಎಂದು ಹೇಳಿದ್ದನ್ನೂ, ಏಕೆ ಹಾಗೆ ಹೇಳಿದ ಎಂಬುದನ್ನೂ ನಾವೇ ಮುಂಚಿತವಾಗಿ ಬರೆದೆವು. ಎದುರಿನವರು ಅದನ್ನು ಎತ್ತಿ ತೋರಿಸುವ ಮೊದಲು ನಾವು ಹೇಳಿದ್ದು ಒಳ್ಳೆಯದೇ ಆಯಿತು.

ಇದರ ಜೊತೆಗೇ ಮಾಹಿತಿ ಹಕ್ಕಿನ ಮೂರು ಅರ್ಜಿಗಳು ಹೋದವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಹತ್ತು ಹತ್ತು ರೂಪಾಯಿಯ ಮೂರು ಪೋಸ್ಟಲ್ ಆರ್ಡರ್ ಲಗತ್ತಿಸಿ ಠಾಣೆಯ ಸಿಸಿಟಿವಿ ದೃಶ್ಯ, ಠಾಣಾ ದಿನಚರಿಯ ಪ್ರತಿ, ಮತ್ತು 112ರ ಆ ಕರೆಯ ದಾಖಲೆ ಇವನ್ನು ಬೇರೆ ಬೇರೆಯಾಗಿ ಕೇಳಿದೆವು. ಮೂರನೆಯದು ನೆನಪಾದದ್ದು ಕಡೆಗೆ. ಪಕ್ಕದ ಮನೆಯ ಹುಡುಗ ತನ್ನ ಫೋನಿಗೆ ಬಂದಿದ್ದ ಸಂದೇಶದಲ್ಲಿ ಒಂದು ನಂಬರು ಇದೆ ನೋಡಿ ಎಂದು ತೋರಿಸದಿದ್ದರೆ ನಾವು ಅದನ್ನು ಕೇಳುತ್ತಲೇ ಇರಲಿಲ್ಲ.

ಉತ್ತರಗಳು ಬಂದವು. ದಿನಚರಿಯನ್ನು ವಿನಾಯಿತಿಯ ಕಲಂ ತೋರಿಸಿ ನಿರಾಕರಿಸಿದರು. ಸಿಸಿಟಿವಿಯ ಹಾರ್ಡ್ ಡಿಸ್ಕ್ ಆ ಅವಧಿಯಲ್ಲಿ ದುರಸ್ತಿಯಲ್ಲಿತ್ತು ಎಂದರು. ಠಾಣೆಗಳ ಸಿಸಿಟಿವಿ ದೃಶ್ಯವನ್ನು 18 ತಿಂಗಳು, ಅದು ಸಾಧ್ಯವಿಲ್ಲದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕೆಂದು 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು ಹೇಳಿದೆ, ಮಾನವ ಹಕ್ಕುಗಳ ಆಯೋಗ ಅದನ್ನು ತರಿಸಿಕೊಳ್ಳಬಹುದೆಂದೂ ಹೇಳಿದೆ. ಆದರೆ ಕೆಟ್ಟುಹೋಗಿದೆ ಎಂದ ಡಿಸ್ಕಿನಿಂದ ದೃಶ್ಯ ತೆಗೆಯುವುದು ಹೇಗೆ? ಮೂರನೇ ಲಕೋಟೆಯಲ್ಲಿ ಒಂದೇ ಹಾಳೆಯಿತ್ತು. ಕರೆ ಬಂದ ವೇಳೆ, ಸ್ಥಳ, ಕರೆಯ ಸಾರಾಂಶ, ಕೆಳಗೆ ಕರೆ ಮುಕ್ತಾಯದ ಷರಾ: "ಸದರಿ ವ್ಯಕ್ತಿ ಠಾಣೆಯಲ್ಲಿ ವಿಚಾರಣೆಯಲ್ಲಿರುವುದಾಗಿ ತಿಳಿದು ದೂರುದಾರರಿಗೆ ತಿಳಿಸಲಾಗಿದೆ."

ಇಲಾಖೆಯದೇ ಇನ್ನೊಂದು ಶಾಖೆ, ಮಂಗಳವಾರ ರಾತ್ರಿಯೇ, ಯಾರ ಒತ್ತಾಯವೂ ಇಲ್ಲದೆ ಬರೆದಿಟ್ಟ ಸಾಲು. ನಾನು ಅದನ್ನು ನಾಲ್ಕು ಸಲ ಓದಿದೆ. ಆ ಷರಾ ಬರೆದ ಸಿಬ್ಬಂದಿ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದರು, ಅಷ್ಟೇ. ಎಷ್ಟೋ ಪ್ರಕರಣಗಳು ನಿಲ್ಲುವುದು ಇಂಥ ಒಬ್ಬರ ಶಿಸ್ತಿನ ಮೇಲೆ.

ರಾಜಿಯ ಮಾತು

ಆಯೋಗದಿಂದ ಪೊಲೀಸರಿಗೆ ವರದಿ ಕೇಳಿ ಪತ್ರ ಬಂದಿದೆ ಎಂಬ ಸುದ್ದಿ ನಮಗಿಂತ ಮೊದಲು ಊರಿಗೆ ತಲುಪಿತು. ಒಂದು ಭಾನುವಾರ ಗ್ರಾಮ ಪಂಚಾಯಿತಿಯ ಸದಸ್ಯರೊಬ್ಬರು, ಮಂಡಿ ಮಾಲೀಕರ ಕಡೆಯ ಇನ್ನೊಬ್ಬರು ತಾಯಿಯ ಮನೆಗೆ ಬಂದು ಕುಳಿತರು. "ನೋಡಕ್ಕಾ, ನಾಳೆಯೂ ಇದೇ ಊರಲ್ಲಿ ಬದುಕಬೇಕು. ಹುಡುಗನ ಖರ್ಚಿಗೆ ಅಂತ ಇಪ್ಪತ್ತೈದು ಸಾವಿರ ಇಟ್ಟುಕೋ, ಒಂದು ಸಹಿ ಹಾಕು" ಎಂದರು. ಬೆದರಿಕೆಯ ಮಾತೇ ಇರಲಿಲ್ಲ; ಕಾಫಿ ಕುಡಿದರು, ಮೊಮ್ಮಕ್ಕಳನ್ನು ಮಾತಾಡಿಸಿದರು.

ಆ ಮನೆಗೆ ಇಪ್ಪತ್ತೈದು ಸಾವಿರ ಸಣ್ಣ ಮೊತ್ತವಲ್ಲ. ಹುಡುಗನನ್ನು ಮಂಡಿಯವರು ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿ ಮೂರು ತಿಂಗಳಾಗಿತ್ತು. ಏನು ಮಾಡಬೇಕೆಂದು ತಾಯಿ ನನ್ನನ್ನು ಕೇಳಿದಾಗ ಬೇಡವೆನ್ನಲು ನನಗೆ ನಾಲಿಗೆ ಏಳಲಿಲ್ಲ, ಏಕೆಂದರೆ ನಷ್ಟ ಆಗುವುದು ನನಗಲ್ಲ. ಕಾನೂನಿನ ಸ್ಥಿತಿಯನ್ನಷ್ಟೇ ಹೇಳಿದೆ: ಸಹಿ ಹಾಕಿದರೂ ಆಯೋಗ ಕಡತ ಮುಚ್ಚಲೇಬೇಕೆಂದಿಲ್ಲ, ಆದರೆ ದೂರುದಾರರೇ ಹಿಂದೆ ಸರಿದ ಮೇಲೆ ಸಾಕ್ಷಿ ಹೇಳುವವರು ಉಳಿಯುವುದಿಲ್ಲ. ಎರಡು ದಿನ ಬಿಟ್ಟು ಅವರು ಹೇಳಿಕಳುಹಿಸಿದ ಉತ್ತರ ಚಿಕ್ಕದು. ದುಡ್ಡು ಇಸಕೊಂಡರೆ ಕದ್ದಿದ್ದು ನಿಜ ಅಂತ ಆಗುತ್ತೆ, ಬೇಡ. ಈ ತರ್ಕ ಕಾನೂನಿನ ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಊರಿನ ಕಣ್ಣಲ್ಲಿ ಅದು ಸರಿಯಾಗಿಯೇ ಇತ್ತು.

ವರದಿ ಮತ್ತು ವಿಚಾರಣೆ

ಪೊಲೀಸ್ ವರದಿಯ ಪ್ರತಿಯನ್ನು ಆಯೋಗ ನಮ್ಮ ಪ್ರತಿಕ್ರಿಯೆಗಾಗಿ ಕಳುಹಿಸಿತು. ವರದಿ ನಿರೀಕ್ಷಿಸಿದಂತೆಯೇ ಇತ್ತು: ಗುರುವಾರ ಬೆಳಿಗ್ಗೆ 9ಕ್ಕೆ ಕರೆಸಿ, ವಿಚಾರಿಸಿ, 11ಕ್ಕೆ ಕಳುಹಿಸಲಾಗಿದೆ, ಬಂಧಿಸಿಲ್ಲ, ಹಲ್ಲೆ ಮಾಡಿಲ್ಲ, ದೂರು ಪೊಲೀಸರ ಸ್ಥೈರ್ಯ ಕುಗ್ಗಿಸುವ ಉದ್ದೇಶದ್ದು. ಅನುಬಂಧ 3ರಲ್ಲಿ ಹುಡುಗನ ಮುಚ್ಚಳಿಕೆಯ ಪ್ರತಿ ಲಗತ್ತಿಸಲಾಗಿತ್ತು. ಬಿಟ್ಟು ಕಳುಹಿಸುವಾಗ ಅವನಿಗೆ ಅದರ ಪ್ರತಿ ಕೊಟ್ಟಿರಲಿಲ್ಲವಾದ್ದರಿಂದ ನಾವು ಅದನ್ನು ಕಣ್ಣಾರೆ ಕಂಡದ್ದು ಆಗಲೇ. "ಇನ್ನು ಮುಂದೆ ಇಂತಹ ಕೃತ್ಯದಲ್ಲಿ ಭಾಗಿಯಾಗುವುದಿಲ್ಲವೆಂದು ಬರೆಸಿಕೊಟ್ಟ ಮುಚ್ಚಳಿಕೆ" ಎಂದು ಕಡೆಯ ಸಾಲು.

ನಮ್ಮ ಪ್ರತಿಕ್ರಿಯೆ ಒಂದೂವರೆ ಪುಟದ್ದು. ಸ್ಥೈರ್ಯದ ಮಾತಿಗೆ ಉತ್ತರ ಕೊಡಲಿಲ್ಲ. ವರದಿಯ 9 ಗಂಟೆಯ ಪಕ್ಕದಲ್ಲಿ 112ರ ಹಾಳೆಯನ್ನಿಟ್ಟು, ಎರಡೂ ಇಲಾಖೆಯದೇ ದಾಖಲೆ, ಯಾವುದು ನಿಜವೆಂದು ಇಲಾಖೆಯೇ ಹೇಳಲಿ ಎಂದು ಕೇಳಿದೆವು. ಅದರ ನಂತರ ಆಯೋಗದ ತನಿಖಾ ವಿಭಾಗದಿಂದ ಅಧಿಕಾರಿಯೊಬ್ಬರು ಬಂದು ಹೇಳಿಕೆ ಬರೆದುಕೊಂಡರು. ಮುಂದೆ ಬೆಂಗಳೂರಿನಲ್ಲಿ ವಿಚಾರಣೆ ನಿಗದಿಯಾಯಿತು. ಯಾರ ಹೆಸರಿಗೆ ಧಕ್ಕೆಯಾಗಬಹುದೋ ಅವರ ಮಾತನ್ನೂ ಕೇಳಬೇಕೆಂದು ಕಾಯ್ದೆಯ 16ನೇ ಕಲಂ ಹೇಳುವುದರಿಂದ ಪಿಎಸ್‌ಐ ಪರವಾಗಿ ವಕೀಲರಿದ್ದರು, ಪಾಟಿ ಸವಾಲೂ ನಡೆಯಿತು.

ವಕೀಲರು ತಾಯಿಯನ್ನು ಕೇಳಿದರು, ನಿಮಗೆ ಓದು ಬರಹ ಬಾರದು, ವರ್ಷ ಕಳೆದಿದೆ, ಅದು ಮಂಗಳವಾರವೇ ಎಂದು ಹೇಗೆ ಹೇಳುತ್ತೀರಿ? ನಾವು ಇದಕ್ಕೆ ಅವರನ್ನು ಸಿದ್ಧಪಡಿಸಿರಲಿಲ್ಲ. ತಾಯಿ ಸೊಂಟದ ಚೀಲದಿಂದ ಸ್ವಸಹಾಯ ಸಂಘದ ಉಳಿತಾಯದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಅವರ ಸಂಘ ಸೇರುವುದು ಮಂಗಳವಾರ ಸಂಜೆ. ನಾಲ್ಕು ವರ್ಷದಲ್ಲಿ ಅವರು ಕಂತು ತಪ್ಪಿಸಿದ್ದು ಒಂದೇ ವಾರ. ಆ ತಾರೀಖಿನ ಎದುರು "ಗೈರು" ಎಂದು ಬರೆದು ಐದು ರೂಪಾಯಿ ದಂಡ ಹಾಕಿದ್ದರು. "ಅವತ್ತು ಠಾಣೆ ಮುಂದೆ ಕೂತಿದ್ದೆ ಸಾರ್" ಎಂದರು. ಒಂದೂವರೆ ವರ್ಷ ಕಡತ ಹೊತ್ತು ತಿರುಗಿದ ನನಗೆ ಆ ಪುಸ್ತಕದ ಸುಳಿವೇ ಇರಲಿಲ್ಲ. ಆಧಾರ ಏನಿದೆ ಎಂದು ನಾವು ಕೇಳಿದ್ದೆವು, ಅವರಿಗೆ ಆಧಾರ ಎಂದರೆ ಆಧಾರ್ ಕಾರ್ಡು. ಆ ವಾರ ನೀವು ಏನೇನು ಮಾಡಲಾಗದೆ ಹೋಯಿತು ಎಂದು ಕೇಳಿದ್ದರೆ ಮೊದಲ ದಿನವೇ ಸಿಗುತ್ತಿತ್ತು.

ಫಲಿತಾಂಶ

ದೂರು ಕೊಟ್ಟ ಹದಿನೇಳು ತಿಂಗಳಿಗೆ ಆದೇಶ ಬಂತು. ಮಂಗಳವಾರ ರಾತ್ರಿ 9.40ರಿಂದ ಗುರುವಾರ 11ರವರೆಗೆ, ಎಂದರೆ ಕನಿಷ್ಠ ಮೂವತ್ತೇಳು ಗಂಟೆ, ಯಾವ ದಾಖಲೆಯೂ ಇಲ್ಲದೆ ಠಾಣೆಯಲ್ಲಿ ಇರಿಸಿಕೊಂಡದ್ದು ಸಾಬೀತಾಗಿದೆ ಎಂದು ಆಯೋಗ ಒಪ್ಪಿತು. ಅದಕ್ಕೂ ಹಿಂದಿನ ಹದಿನಾರು ಗಂಟೆಗೆ ಸಾಕಷ್ಟು ಆಧಾರವಿಲ್ಲ ಎಂದಿತು; ಕೂಲಿ ಚೀಟಿ ಅವನು ಮಂಡಿಯಲ್ಲಿ ಇರಲಿಲ್ಲ ಎಂದಷ್ಟೇ ತೋರಿಸುತ್ತದೆ, ಠಾಣೆಯಲ್ಲಿದ್ದ ಎಂದು ತೋರಿಸುವುದಿಲ್ಲ. ಸಂಘದ ಪುಸ್ತಕವೂ ತಾಯಿ ಎಲ್ಲಿರಲಿಲ್ಲ ಎಂಬುದಕ್ಕೆ ಸಾಕ್ಷಿಯೇ ಹೊರತು ಮಗ ಎಲ್ಲಿದ್ದ ಎಂಬುದಕ್ಕಲ್ಲ; ಆದರೆ ಅವರ ಮಾತನ್ನು ನಂಬಲು ಅದು ಕಾರಣವಾಯಿತು ಎಂದು ಆದೇಶದಲ್ಲಿಯೇ ಇತ್ತು. ಹಲ್ಲೆ ಸಾಬೀತಾಗಿಲ್ಲ. ಹೊರರೋಗಿ ಚೀಟಿಯ ನಾಲ್ಕು ಪದಗಳು ಅದನ್ನು ಮುಗಿಸಿದವು.

ಹುಡುಗನಿಗೆ 50,000 ರೂಪಾಯಿ ಪರಿಹಾರ, ಆ ಮೊತ್ತವನ್ನು ಸರ್ಕಾರ ಮೊದಲು ಕೊಟ್ಟು ಹೊಣೆಗಾರರ ವೇತನದಿಂದ ವಸೂಲಿ ಮಾಡಬಹುದು, ಪಿಎಸ್‌ಐ ಮತ್ತು ಇಬ್ಬರು ಸಿಬ್ಬಂದಿಯ ಮೇಲೆ ಇಲಾಖಾ ವಿಚಾರಣೆ ನಡೆಸಬೇಕು ಎಂಬುದು ಶಿಫಾರಸು. ಶಿಫಾರಸಿಗೆ ಸರ್ಕಾರ ಬದ್ಧವೇ ಎಂಬ ಪ್ರಶ್ನೆ ಹಳೆಯದು. ಬದ್ಧವೆಂದು ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 2021ರಲ್ಲಿ ಹೇಳಿದೆ. ನಮ್ಮ ಪ್ರಕರಣದಲ್ಲಿ ಆ ವಾದ ಮಾಡುವ ಪ್ರಸಂಗ ಬರಲಿಲ್ಲ. ಎರಡು ನೆನಪೋಲೆ ಬರೆದ ಮೇಲೆ, ಎಂಟು ತಿಂಗಳಿಗೆ ಹಣ ಖಾತೆಗೆ ಬಂತು. ಇಲಾಖಾ ವಿಚಾರಣೆಯಲ್ಲಿ ಒಬ್ಬರ ವೇತನ ಬಡ್ತಿ ತಡೆಹಿಡಿಯಲಾಯಿತು. ಹುಡುಗ ಈಗ ನರಸಾಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ, ಮಂಡಿಗೆ ಹೋಗುವುದಿಲ್ಲ.

ಇಷ್ಟನ್ನು ಗೆಲುವೆಂದು ಗೆಳೆಯರು ಹೂವಿನ ಹಾರ ತಂದಿದ್ದರು. ನನಗೆ ಅನಿಸುವುದು ಬೇರೆ. ಆಯೋಗ ಒಪ್ಪಿದ ಪ್ರತಿಯೊಂದು ಗಂಟೆಯ ಹಿಂದೆಯೂ ಆ ಹೊತ್ತಿನಲ್ಲೇ ಯಾರೋ ಬರೆದ ಒಂದು ಸಾಲಿತ್ತು. ಒಪ್ಪದ ಗಂಟೆಗಳ ಹಿಂದೆ ನಮ್ಮ ನೆನಪು ಮಾತ್ರ ಇತ್ತು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಯ ಮುಂದೆ ಕುಳಿತ ತಾಯಿಯೇ ಆಗ 112ಕ್ಕೆ ಕರೆ ಮಾಡಿಸಿದ್ದರೆ, ಅಥವಾ ನನ್ನ ಮಗನನ್ನು ಕರೆತಂದಿದ್ದೀರಿ ಎಂದು ಎರಡು ಸಾಲು ಬರೆಸಿ ಅಂಚೆಗೆ ಹಾಕಿದ್ದರೆ, ಮೂವತ್ತೇಳು ನಲವತ್ತೊಂಬತ್ತಾಗುತ್ತಿತ್ತು. ಈಗ ಯಾರಾದರೂ ನಡುರಾತ್ರಿ ಫೋನ್ ಮಾಡಿದರೆ ನಾನು ಮೊದಲು ಹೇಳುವುದು ಅದನ್ನೇ, ಎರಡನೆಯದಾಗಿ ಹೇಳುವುದು ಆಸ್ಪತ್ರೆಗೆ ನಾನೂ ಬರುತ್ತೇನೆ ಎಂದು.

ತಾಯಿ ಮೊದಲ ದಿನ ಕೇಳಿದ್ದು ಆದೇಶದಲ್ಲಿ ಇರಲಿಲ್ಲ. ಕದ್ದಿಲ್ಲ ಎಂದು ಯಾರೂ ಬರೆದುಕೊಟ್ಟಿರಲಿಲ್ಲ, ಏಕೆಂದರೆ ನಾವು ದೂರಿನಲ್ಲಿ ಅದನ್ನು ಕೇಳಿಯೇ ಇರಲಿಲ್ಲ. ಗಂಟೆಗಳ ಲೆಕ್ಕದಲ್ಲಿ ಆ ಕೋರಿಕೆ ಜಾರಿಹೋಗಿತ್ತು. ಹಣ ಬಂದ ಮೇಲೆ ಅವರು ಮತ್ತೆ ಬಂದು ಆ ಮುಚ್ಚಳಿಕೆ ಠಾಣೆಯಲ್ಲಿ ಹಾಗೇ ಇರುತ್ತದೆಯೇ, ನಾಳೆ ಮತ್ತೆ ಯಾರದಾದರೂ ಬಾಕ್ಸು ಕಳೆದರೆ ಅದನ್ನೇ ತೆಗೆಯುತ್ತಾರಲ್ಲವೇ ಎಂದು ಕೇಳಿದರು. ಮುಚ್ಚಳಿಕೆಯನ್ನು ರದ್ದುಪಡಿಸಿ ಹಿಂದಿರುಗಿಸಬೇಕೆಂದು ಒಂದು ಅರ್ಜಿ ಬರೆದೆವು. ಠಾಣೆಯಿಂದ ಒಂದು ಸಾಲಿನ ಹಿಂಬರಹ ಬಂತು: ಅಂತಹ ಯಾವುದೇ ಮುಚ್ಚಳಿಕೆ ಈ ಠಾಣೆಯ ಕಡತದಲ್ಲಿ ಲಭ್ಯವಿರುವುದಿಲ್ಲ. ಅವರೇ ಆಯೋಗಕ್ಕೆ ಸಲ್ಲಿಸಿದ್ದ ಅನುಬಂಧ 3ರ ಜೆರಾಕ್ಸ್ ಪ್ರತಿಯನ್ನು ಲಗತ್ತಿಸಿ ಅರ್ಜಿಯನ್ನು ಮತ್ತೊಮ್ಮೆ ಕಳುಹಿಸಿದ್ದೇವೆ. ಅಂಚೆಯ ರಸೀದಿಯನ್ನು ತಾಯಿ ಸಂಘದ ಪುಸ್ತಕದೊಳಗೆ ಇಟ್ಟುಕೊಂಡಿದ್ದಾರೆ.